ನೀಲಿ ಬಾವುಟವೂ ಆಮೆಯ ನಡಿಗೆಯೂ

ಚೆನ್ನೈಯಿಂದ ಪೂರ್ವ ಕರಾವಳಿ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಕೋವಳಂ ಎಂಬ ಮೀನುಗಾರರ ಊರಿನ ಕಡಲತೀರಕ್ಕೆ 2021ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಅದರ ಹಿಂದಿನ ವರ್ಷವೇ ನಮ್ಮ ಪಡುಬಿದ್ರಿಯೂ ಹೊನ್ನಾವರದ ಕಾಸರಕೋಡೂ ಅದೇ ಮನ್ನಣೆಗೆ ಪಾತ್ರವಾಗಿದ್ದುದರಿಂದ, ಈ ಬಾವುಟದ ಬೆಲೆಯೇನು, ಭೂಮಿಯ ಬಿಸಿಯೇರುತ್ತಿರುವ ಈ ಕಾಲದಲ್ಲಿ ಅದು ದಡಕ್ಕೆ ಎಷ್ಟರಮಟ್ಟಿಗೆ ಹಿತವನ್ನುಂಟುಮಾಡಬಲ್ಲುದು ಎಂಬ ವಿಚಾರ ತಮಿಳರಿಗೆಷ್ಟೋ ಕನ್ನಡಿಗರಿಗೂ ಅಷ್ಟೇ ಪ್ರಸ್ತುತವಾದುದು. ಅದನ್ನು ತೂಗಿ ನೋಡುವುದಕ್ಕೆ ಬಾವುಟದ ಹಂಗಿಲ್ಲದ, ಅದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಪದ್ಧತಿ ಅದೇ ಕರಾವಳಿಯಲ್ಲಿ ಒರೆಗಲ್ಲಾಗಿ ಒದಗಿದೆ: ನೀಲಾಂಕರೈಯಿಂದ ಬೆಸೆಂಟ್ ನಗರದವರೆಗಿನ ರಾತ್ರಿಯ ಆಮೆ ನಡಿಗೆ.

ಮೊದಲು ಬಾವುಟದ ಗುಣವನ್ನು ಹೇಳುವುದು ನ್ಯಾಯ. 1985ರಲ್ಲಿ ಫ್ರಾನ್ಸಿನಲ್ಲಿ ಮೊದಲಾಗಿ, ಈಗ ಕೋಪನ್‌ಹೇಗನ್ನಿನ ಪರಿಸರ ಶಿಕ್ಷಣ ಪ್ರತಿಷ್ಠಾನದ ಆಡಳಿತದಲ್ಲಿರುವ ಈ ಪದ್ಧತಿಯಲ್ಲಿ ಸ್ನಾನದ ನೀರು, ಪರಿಸರ ನಿರ್ವಹಣೆ, ತಿಳಿವಳಿಕೆ, ಸುರಕ್ಷತೆ ಎಂಬ ನಾಲ್ಕು ವಿಭಾಗಗಳಲ್ಲಿ 33 ನಿಯಮಗಳಿವೆ. ಮನ್ನಣೆಯನ್ನು ಪ್ರತಿವರ್ಷವೂ ಹೊಸದಾಗಿ ಸಂಪಾದಿಸಬೇಕು. ನೀರನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂಬ ಒಂದೇ ನಿಯಮಕ್ಕಾಗಿಯಾದರೂ, ಚರಂಡಿಯ ಕೊಳೆಯೆಲ್ಲ ಹೊಳೆಗೆ ಸೇರಿ ಹೊಳೆಯಿಂದ ಕಡಲಿಗೆ ಬೀಳುವುದು ರೂಢಿಯಾಗಿಬಿಟ್ಟಿರುವ ನಾಡಿನಲ್ಲಿ, ಅದನ್ನು ಆದರಿಸಬೇಕಾಗುತ್ತದೆ. ಶುಚಿಯಾದ ಶೌಚಾಲಯ, ಜೀವರಕ್ಷಕರ ಕಾವಲು, ಗಾಲಿಕುರ್ಚಿಯಲ್ಲಿ ಬಂದವರೂ ಅಲೆಯ ಸಮೀಪಕ್ಕೆ ಹೋಗಬಲ್ಲ ಹಾದಿ, ಇವು ಸಣ್ಣ ಮಾತಲ್ಲ.

ಆದರೆ ಈ ನಿಯಮಾವಳಿಯ ದೃಷ್ಟಿಯೆಲ್ಲ ಬಹುಮಟ್ಟಿಗೆ ಪ್ರವಾಸಿಯ ಮೇಲೆ ನೆಟ್ಟಿದೆ. ಬಂದವನಿಗೆ ದಡ ಹೇಗಿರಬೇಕೆಂಬುದನ್ನು ಅದು ವಿವರವಾಗಿ ಹೇಳುತ್ತದೆ. ಬಂದವನಿಂದ ದಡಕ್ಕೆ ಏನು ಸಲ್ಲಬೇಕೆಂಬಲ್ಲಿ ಅದರ ಮಾತು ಕ್ಷೀಣವಾಗುತ್ತದೆ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಸುಮಾರು 8 ಪಾಲು ಪ್ರವಾಸದಿಂದಲೇ ಉಂಟಾಗುತ್ತದೆಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಪ್ರವಾಸಿ ಯಾವ ವಾಹನದಲ್ಲಿ, ಎಷ್ಟು ದೂರದಿಂದ ಬಂದನೆಂಬುದು ಬಾವುಟದ ಕಡ್ಡಾಯ ಗಣನೆಯೊಳಗೆ ಬರುವುದೇ ಇಲ್ಲ. ಇದಕ್ಕಿಂತ ಗುರುತರವಾದ ಕೊರತೆ ಇನ್ನೊಂದಿದೆ. ಈ ಮನ್ನಣೆಯನ್ನು ಪಡೆಯಲೆಂದೇ ನಮ್ಮ ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ನಿಬಂಧನೆಗಳನ್ನು ಸಡಿಲಿಸಿ, ಆಯ್ದ ತೀರಗಳಲ್ಲಿ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ಸೌಕರ್ಯಗಳನ್ನು ನಿರ್ಮಿಸಲು ಅವಕಾಶವಿತ್ತಿತು. ಕಡಲಮಟ್ಟ ಏರುತ್ತಿರುವಾಗ, ಒಂದು ಚಂಡಮಾರುತಕ್ಕೆ ದಡವೇ ಹಿಂದೆ ಸರಿಯುವಾಗ, ಆ ಗೆರೆ ಇಂದು ಇದ್ದಲ್ಲಿಯೇ ನಾಳೆಯೂ ಇರುವುದೆಂದು ನಂಬಿ ಕಟ್ಟುವುದನ್ನು ವಿವೇಕವೆನ್ನಲಾರೆ.

ಗೆರೆ ಚಲಿಸುತ್ತದೆಂಬುದಕ್ಕೆ ಚೆನ್ನೈಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಕರಾವಳಿಯಲ್ಲಿ ವರ್ಷದ ಬಹುಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತಲೇ ಇರುತ್ತವೆ. 1870ರ ದಶಕದಲ್ಲಿ ಆರಂಭವಾದ ಮದರಾಸು ಬಂದರಿನ ತಡೆಗೋಡೆಗಳು ಕಡಲೊಳಕ್ಕೆ ಚಾಚಿ ಈ ಸಂಚಾರಕ್ಕೆ ಅಡ್ಡವಾದುವು. ದಕ್ಷಿಣದಲ್ಲಿ ಮರಳು ನಿಂತು, ಬೆಳೆದು, ಇಂದು ಸಾವಿರಾರು ಜನ ಸಂಜೆ ಹೊತ್ತು ಸೇರುವ ವಿಶಾಲವಾದ ಮರೀನಾ ಆಯಿತು. ಉತ್ತರದ ರಾಯಪುರಂ ಕಡೆಯಲ್ಲಿ ಮರಳು ಬಾರದೆ ದಡ ಕೊರೆದುಹೋಗಿ, ಮೀನುಗಾರರ ಮನೆಗಳ ಮುಂದೆ ಬಂಡೆಗಳನ್ನು ಸುರಿಯಬೇಕಾಯಿತು. ವಿಹಾರಕ್ಕೆ ಬಂದವರ ಸುಖವೂ ನಿವಾಸಿಗಳ ನಷ್ಟವೂ ಒಂದೇ ಗೋಡೆಯಿಂದ ಹುಟ್ಟಿದುವು. ಕೋವಳಂ ಮುಂದೆ ಹಾಯುವ ಮರಳೇ ಉತ್ತರದ ದಡಗಳನ್ನು ಪೋಷಿಸತಕ್ಕದ್ದಾದುದರಿಂದ, ಒಂದು ತೀರವನ್ನು ಅದರ ನೆರೆಯಿಂದ ಬೇರ್ಪಡಿಸಿ, ಬೇಲಿಯೊಳಗಿನ ಅದೊಂದಕ್ಕೆ ಅಂಕವಿಡುವ ಪದ್ಧತಿ ಮೂಲದಲ್ಲಿಯೇ ಅಪೂರ್ಣವೆಂದು ನನ್ನ ಅಭಿಪ್ರಾಯ.

ಆಮೆ ನಡಿಗೆಯ ರೀತಿಯೇ ಬೇರೆ. 1970ರ ದಶಕದ ಮೊದಲಲ್ಲಿ ಮದರಾಸಿನ ಕೆಲವು ನಿಸರ್ಗಪ್ರಿಯರು ತೊಡಗಿದ ಈ ಕಾರ್ಯವನ್ನು 1988ರಿಂದ ವಿದ್ಯಾರ್ಥಿಗಳೇ ಕಟ್ಟಿಕೊಂಡ ಕಡಲಾಮೆ ಸಂರಕ್ಷಣಾ ಜಾಲವೊಂದು ನಡೆಸಿಕೊಂಡು ಬಂದಿದೆ. ಜನವರಿಯಿಂದ ಬೇಸಗೆಯ ಮೊದಲವರೆಗೆ, ಊರು ಮಲಗಿದ ಮೇಲೆ, ಸುಮಾರು 7 ಕಿಲೋಮೀಟರ್ ಮರಳಿನಲ್ಲಿ ಕತ್ತಲೆಯಲ್ಲೇ ನಡೆಯಬೇಕು. ಆಸನವಿಲ್ಲ, ದೀಪವಿಲ್ಲ, ಆಮೆ ಕಂಡೇ ಕಾಣುವುದೆಂಬ ಭರವಸೆಯೂ ಇಲ್ಲ. ಕಂಡರೆ, ಆ ಆಲಿವ್ ರಿಡ್ಲಿ ತಾಯಿ ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಬಾಗಿಸಿ, ಅಂಗೈಯಲ್ಲಿ ಮೊಗೆದ ಹಾಗೆ ಮರಳನ್ನು ಮೊಗೆದು, ಮೊಳದಾಳದ ಹೂಜಿಯಾಕಾರದ ಗುಂಡಿಯನ್ನು ತೋಡಿ, ನೂರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತನ್ನ ಚಿಪ್ಪಿನಿಂದಲೇ ಅದನ್ನು ತಟ್ಟಿ ಗಟ್ಟಿಮಾಡಿ, ತಿರುಗಿ ನೋಡದೆ ಕಡಲಿಗಿಳಿಯುವುದನ್ನು ನೋಡಬಹುದು. ನೋಡಿದವನು ಅಲ್ಲಿಗೆ ಬಿಡುಗಡೆ ಹೊಂದುವುದಿಲ್ಲ. ಮೊಟ್ಟೆಗಳನ್ನು ಚೀಲದಲ್ಲಿ ಜೋಪಾನವಾಗಿ ಕಾವಲಿನ ಬೇಲಿಯೊಳಕ್ಕೆ ಸಾಗಿಸಿ, ಅಷ್ಟೇ ಆಳದಲ್ಲಿ ಹೂಳುವ ಕೆಲಸ ಮುಂದಿದೆ. ವಿಹಾರವೇ ಇಲ್ಲಿ ಪರಿಚರ್ಯೆಯಾಗುತ್ತದೆ.

ಹವಾಮಾನದ ಪಾಠವೂ ಇಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮರಿ ಹೆಣ್ಣಾಗುವುದೂ ಗಂಡಾಗುವುದೂ ಮರಳಿನ ಶಾಖವನ್ನವಲಂಬಿಸಿದೆ. 30 ಡಿಗ್ರಿಯ ಸುತ್ತಿನಲ್ಲಿ ಸಮವಾಗಿರುವ ಪ್ರಮಾಣ ಶಾಖ ಹೆಚ್ಚಿದಂತೆ ಹೆಣ್ಣಿನ ಕಡೆಗೆ ವಾಲಿ, ಇನ್ನೂ ಏರಿದರೆ ಮೊಟ್ಟೆಯೇ ಬೆಂದು ಕೆಡುತ್ತದೆ. ಹೊರಬಂದ ಮರಿ ಬೆಳಕಿನ ದಿಗಂತವನ್ನೇ ಕಡಲೆಂದು ತಿಳಿದು ಹರಿದಾಡುವ ಸ್ವಭಾವದ್ದಾದುದರಿಂದ, ನಮ್ಮ ಬೀದಿದೀಪಗಳು ಅದನ್ನು ರಸ್ತೆಗೆ ಎಳೆಯುತ್ತವೆ. ಮರಳನ್ನು ಹಿಡಿದು ನಿಲ್ಲಿಸುವ, ತಮಿಳರು ಅಡುಂಬು ಎನ್ನುವ ನೇರಳೆ ಹೂವಿನ ಬಳ್ಳಿಯನ್ನು ಕಸವೆಂದು ಕಿತ್ತರೆ ದಡ ಎಷ್ಟು ದುರ್ಬಲವಾಗುತ್ತದೆಂಬುದೂ ನಡೆದವರ ಕಾಲಿಗೇ ತಿಳಿಯುತ್ತದೆ.

ಈ ನಡಿಗೆಗೂ ಮಿತಿಯುಂಟು. ಗುಂಪು ದೊಡ್ಡದಾಗಿ ಕೈಗೊಂದು ಮೊಬೈಲು ಬೆಳಗತೊಡಗಿದರೆ ಅದೇ ಉಪದ್ರವವಾದೀತು. ಮೊಟ್ಟೆಗಳನ್ನು ಸ್ಥಳಾಂತರಿಸುವುದು ಆಪದ್ಧರ್ಮವೇ ಹೊರತು ಸಹಜ ಕ್ರಮವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದಡದಲ್ಲಿ ಮಾಡಿದ್ದನ್ನೆಲ್ಲ ಕಡಲು ಅಳಿಸಬಲ್ಲುದು: 2025ರ ಜನವರಿಯಲ್ಲಿ ಚೆನ್ನೈ ಮತ್ತು ಅದರ ಆಸುಪಾಸಿನ ತೀರಗಳಲ್ಲಿ ಸಾವಿರದಷ್ಟು ಆಮೆಗಳ ಶವಗಳು ಬಂದು ಬಿದ್ದುವು. ಉಸಿರಿಗಾಗಿ ಮೇಲೆ ಬರಬೇಕಾದ ಪ್ರಾಣಿ ಟ್ರಾಲರ್ ಬಲೆಯಲ್ಲಿ ಸಿಕ್ಕಿ ಮುಳುಗಿ ಸಾಯುತ್ತದೆ. ದಡದಿಂದ 5 ನಾಟಿಕಲ್ ಮೈಲಿಯೊಳಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಕೂಡದೆಂಬ ಕಾನೂನು ತಮಿಳುನಾಡಿನಲ್ಲಿ ಇದ್ದೇ ಇದೆ. ಅದನ್ನು ಜಾರಿಗೊಳಿಸುವ ಬಲ ನಡೆಯುವವರ ಕೈಯಲ್ಲಿಲ್ಲ.

ಬಾವುಟಕ್ಕಿರುವ ಅಧಿಕಾರವೂ ನಡಿಗೆಗಿರುವ ತಿಳಿವಳಿಕೆಯೂ ಕೂಡಬೇಕಾದುದು ಇಲ್ಲಿಯೇ. ಕೋವಳಂನಲ್ಲಾಗಲಿ, ಆಮೆಗಳು ಮೊಟ್ಟೆಯಿಡಲು ಬರುವ ನಮ್ಮ ಕಾಸರಕೋಡಿನಲ್ಲಾಗಲಿ, ಮೊಟ್ಟೆಯ ತಿಂಗಳುಗಳಲ್ಲಿ ದೀಪಗಳನ್ನು ನಂದಿಸುವುದು, ಬಳ್ಳಿಯನ್ನು ಉಳಿಸುವುದು, ಉತ್ತರದ ನೆರೆಯ ದಡ ಕೊರೆಯುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಅಳೆಯುವುದು, ಇವಿಷ್ಟನ್ನು 33ರ ಮುಂದಕ್ಕೆ ಕಡ್ಡಾಯವಾಗಿ ಸೇರಿಸಬೇಕು. ತೀರ್ಪು ಕೊಡುವ ಸಮಿತಿಯಲ್ಲಿ ಗಾಳಿಯ ದಿಕ್ಕನ್ನೂ ನೀರಿನ ಸೆಳೆತವನ್ನೂ ತಲೆಮಾರುಗಳಿಂದ ಬಲ್ಲ ಆಯಾ ಊರಿನ ಮೀನುಗಾರರಿಗೆ ಸ್ಥಾನವಿರಬೇಕು.