ಒಂದು ದೃಶ್ಯಕ್ಕೆ ಕುಗ್ಗಿದ ಕೋಟೆ

ಗೋವಾದ ವಾಗಾತೋರ್ ಕಡಲತೀರದ ಬದಿಯಿಂದ ಚಾಪೋರಾ ಕೋಟೆಗೆ ಹತ್ತಲು ಹದಿನೈದು ನಿಮಿಷ ಸಾಕು. ದಾರಿ ಚಿಕ್ಕದು, ಆದರೆ ಕಡಿದಾದದ್ದು. ಕೆಂಪು ಮಣ್ಣಿನ ಮೇಲೆ ಸಡಿಲ ಕಲ್ಲುಗಳು. ನಾವು ನಾಲ್ವರು ಏದುಸಿರು ಬಿಡುತ್ತಾ ಮೇಲೇರಿದಾಗ ಕಂಡದ್ದು ಮುರಕಲ್ಲಿನ ಗೋಡೆ, ಮೂಲೆಗಳಲ್ಲಿ ದುಂಡನೆಯ ಕಾವಲುಗೂಡುಗಳು, ಒಳಗೆ ಬರೀ ಬಯಲು. ಉತ್ತರಕ್ಕೆ ಚಾಪೋರಾ ನದಿ ಸಮುದ್ರ ಸೇರುವ ಅಳಿವೆ, ಅದರಾಚೆ ಮೊರ್ಜಿಮ್‌ನ ಮರಳು, ಪಶ್ಚಿಮಕ್ಕೆ ಅರಬಿ ಸಮುದ್ರ. ಕೋಟೆಯನ್ನು ಇಲ್ಲಿಯೇ ಏಕೆ ಕಟ್ಟಿದರು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮಗಿಂತ ಮೊದಲೇ ಬಂದಿದ್ದ ಯುವಕರ ಗುಂಪೊಂದು ಗೋಡೆಯುದ್ದಕ್ಕೂ ಏನನ್ನೋ ಹುಡುಕುತ್ತಿತ್ತು. ಅವರ ಪ್ರಶ್ನೆ ಒಂದೇ: ಆ ಮೂವರು ಕುಳಿತದ್ದು ಎಲ್ಲಿ? 2001ರಲ್ಲಿ ಬಂದ ಫರ್ಹಾನ್ ಅಖ್ತರ್ ನಿರ್ದೇಶನದ 'ದಿಲ್ ಚಾಹತಾ ಹೈ' ಚಿತ್ರದಲ್ಲಿ ಆಮಿರ್ ಖಾನ್, ಸೈಫ್ ಅಲಿ ಖಾನ್, ಅಕ್ಷಯ್ ಖನ್ನಾ ಈ ಗೋಡೆಯ ಮೇಲೆ ಕುಳಿತು ಕಡಲು ನೋಡುತ್ತಾರೆ. ಅಂದಿನಿಂದ ಈ ಕೋಟೆಗೆ ಆ ಚಿತ್ರದ ಹೆಸರೇ ಅಂಟಿಕೊಂಡಿದೆ. ಯುವಕರು ತಮಗೆ ಸರಿಯೆನಿಸಿದ ಜಾಗದಲ್ಲಿ ಕುಳಿತು ಫೋಟೋ ತೆಗೆಸಿಕೊಂಡು ಇಳಿದು ಹೋದರು.

ಚಿತ್ರವನ್ನು ದೂರುವುದು ನಮ್ಮ ಉದ್ದೇಶವಲ್ಲ. ಗೆಳೆತನವನ್ನು ಅಬ್ಬರವಿಲ್ಲದೆ, ಮನೆಮಾತಿನಷ್ಟು ಸಹಜವಾಗಿ ತೋರಿಸಿದ ಚಿತ್ರವದು. ಬೇರೆ ಬೇರೆ ದಾರಿ ಹಿಡಿಯಲಿರುವ ಮೂವರನ್ನು ಪಾಳುಗೋಡೆಯ ಮೇಲೆ ಕೂರಿಸಿದ್ದರಲ್ಲಿ ನಿರ್ದೇಶಕರ ಸೂಕ್ಷ್ಮವೂ ಇದೆ. ಕೋಟೆಯ ಚರಿತ್ರೆ ಹೇಳುವುದು ಆ ಕತೆಯ ಕೆಲಸವಾಗಿರಲಿಲ್ಲ. ನಮ್ಮ ತಕರಾರು ನೋಡುಗರಾದ ನಮ್ಮ ಬಗ್ಗೆಯೇ. ನಾಲ್ಕು ನೂರು ವರ್ಷಗಳ ಕಲ್ಲನ್ನು ಒಂದು ದೃಶ್ಯದ ಹಿನ್ನೆಲೆಯಾಗಿಸಿ ಸುಮ್ಮನಾಗಿಬಿಟ್ಟೆವಲ್ಲ, ಅದರಿಂದ ಕಳೆದುಕೊಂಡದ್ದೇನು?

ಚಾಪೋರಾ ಎಂಬ ಹೆಸರು 'ಶಹಾಪುರ'ದಿಂದ ಬಂತೆಂಬುದು ರೂಢಿಯ ಮಾತು. ಆ 'ಶಹಾ' ಬಿಜಾಪುರದ ಆದಿಲ್ ಶಾಹಿಗಳು. 1510ರಲ್ಲಿ ಗೋವಾ ಅವರ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು. ಈ ಗುಡ್ಡವಿರುವ ಬಾರ್ದೇಸ್ ಪ್ರಾಂತ್ಯ 1543ರಲ್ಲಿ. 1617ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1684ರಲ್ಲಿ ಅದು ಸಂಭಾಜಿಯ ಸೇನೆಯ ವಶವಾಯಿತು. ಮರಳಿ ಪಡೆದ ಪೋರ್ಚುಗೀಸರು 1717ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು. 1739ರಲ್ಲಿ ಮತ್ತೆ ಕಳೆದುಕೊಂಡು, 1741ರಲ್ಲಿ ಮತ್ತೆ ಪಡೆದು, ಕೊನೆಗೆ 1892ರಲ್ಲಿ ತಾವಾಗಿಯೇ ಬಿಟ್ಟು ಹೋದರು. ಒಳಗಿದ್ದ ಇಗರ್ಜಿಯೂ ಈಗಿಲ್ಲ. ಹೊರಗಿನ ಇಳಿಜಾರಿನಲ್ಲಿ ಕೆಲವು ಮುಸ್ಲಿಂ ಗೋರಿಗಳು ಉಳಿದಿವೆ.

ಇಷ್ಟು ಕೇಳಿದೊಡನೆ ಇನ್ನೊಂದು ಅಪಾಯ ಎದುರಾಗುತ್ತದೆ. ಮರೆಯುವವರು ಒಂದು ಕಡೆಯಾದರೆ, ನೆನಪನ್ನು ಎರಡೇ ಬಣಗಳಾಗಿ ಹಂಚುವವರು ಇನ್ನೊಂದು ಕಡೆ. ಮುಸ್ಲಿಮರು ಕಟ್ಟಿದರು, ಮರಾಠರು ಬಿಡಿಸಿದರು ಎಂದು ಕತೆ ಮುಗಿಸುವುದು ಇಂದು ಬಹಳ ಸುಲಭ. ಆದರೆ ಈ ಗುಡ್ಡ ಆ ಸುಲಭದ ಕತೆಗೆ ಒಗ್ಗುವುದಿಲ್ಲ.

1681ರಲ್ಲಿ ಔರಂಗಜೇಬನ ಮಗ ಶಹಜಾದೆ ಅಕ್ಬರ್ ರಜಪೂತರ ಬೆಂಬಲದಿಂದ ತಂದೆಯ ವಿರುದ್ಧ ಬಂಡೆದ್ದ. ಬಂಡಾಯ ಸೋತಿತು. ದುರ್ಗಾದಾಸ್ ರಾಠೋಡ್ ಅವನನ್ನು ದಖ್ಖನಿಗೆ ಕರೆತಂದ. ಆಶ್ರಯ ಕೊಟ್ಟವನು ಯಾರು? ಶಿವಾಜಿಯ ಮಗ ಸಂಭಾಜಿ. 1683ರ ಹೊತ್ತಿಗೆ ಅಕ್ಬರ್ ಗೋವಾದ ಗಡಿಯಲ್ಲಿದ್ದ. ಚಾಪೋರಾವನ್ನೇ ನೆಲೆ ಮಾಡಿಕೊಂಡಿದ್ದನೆಂದು ಕೋಟೆಯ ಕತೆ ಹೇಳುವವರು ಹೇಳುತ್ತಾರೆ. 1687ರಲ್ಲಿ ಅವನು ಹಡಗೇರಿ ಇರಾನಿಗೆ ಹೋದವನು ಮರಳಿ ಬರಲೇ ಇಲ್ಲ. ಈ ನಡುವೆ, 1686ರಲ್ಲಿ, ಬಿಜಾಪುರದ ಆದಿಲ್ ಶಾಹಿಯನ್ನು ಕೊನೆಗಾಣಿಸಿದವನು ಯಾವ ಮರಾಠನೂ ಅಲ್ಲ, ಪೋರ್ಚುಗೀಸನೂ ಅಲ್ಲ, ಔರಂಗಜೇಬನೇ.

ಇದನ್ನು ಸೌಹಾರ್ದದ ಕತೆಯೆಂದು ಹೂಮಾಲೆ ಹಾಕಬೇಕಾಗಿಲ್ಲ. ಸಂಭಾಜಿ ಆಶ್ರಯ ಕೊಟ್ಟದ್ದರಲ್ಲಿ ರಾಜಕೀಯದ ಲೆಕ್ಕಾಚಾರವಿತ್ತು, ಅಕ್ಬರ್ ಬಂದದ್ದರಲ್ಲಿ ಸಿಂಹಾಸನದ ಆಸೆಯಿತ್ತು. ಆದರೆ ನಮ್ಮ ವಾದಕ್ಕೆ ಅಷ್ಟೇ ಸಾಕು. ಅಂದಿನ ರಾಜರು ಧರ್ಮ ನೋಡಿ ಮಾತ್ರ ಮಿತ್ರರನ್ನೂ ಶತ್ರುಗಳನ್ನೂ ಆರಿಸಿಕೊಳ್ಳಲಿಲ್ಲ. ಅವರ ಜಗಳಗಳನ್ನು ಇಂದು ನಮ್ಮ ನೆರೆಹೊರೆಯ ಜಗಳಗಳಾಗಿ ಮಾಡಿಕೊಳ್ಳುತ್ತಿರುವವರು ನಾವು. ಅವರು ಮಾಡದ ಲೆಕ್ಕವನ್ನು ಅವರ ಹೆಸರಿನಲ್ಲಿ ನಾವು ಚುಕ್ತಾ ಮಾಡಲು ಹೊರಟಿದ್ದೇವೆ.

ವಿಪರ್ಯಾಸ ನೋಡಿ. ಮೂವರು ಗೆಳೆಯರು ತಮ್ಮ ಗೆಳೆತನ ಮುಂದೆ ಉಳಿದೀತೇ ಎಂದು ಮಾತನಾಡಿಕೊಂಡ ಗೋಡೆ ಎಲ್ಲರಿಗೂ ಗೊತ್ತು. ಮೊಗಲ್ ದೊರೆಯ ಮಗ ಮರಾಠ ದೊರೆಯ ಅಭಯ ನಂಬಿ ಅದೇ ಸೀಮೆಗೆ ಬಂದು ತಂಗಿದ್ದ ಎಂಬುದು ಮಾತ್ರ ಗೊತ್ತಿಲ್ಲ. ಮೊದಲನೆಯದು ಕಲ್ಪನೆ, ಎರಡನೆಯದು ನಡೆದದ್ದು. ಚಿತ್ರ ನೋಡಿ ಬಂದವರಿಗೆ ಈ ಎರಡನೆಯ ಕತೆಯನ್ನೂ ಹೇಳುವವರಿದ್ದರೆ ಗೋಡೆಯ ಮೇಲಿನ ಆ ದೃಶ್ಯ ಸಣ್ಣದಾಗುವುದಿಲ್ಲ. ಅದರ ಅರ್ಥ ಇನ್ನಷ್ಟು ಹಿಗ್ಗುತ್ತದೆ.

ಇಳಿಯುವಾಗ ಗುಡ್ಡದ ಬುಡದಲ್ಲಿ ಲಿಂಬೆ ಸೋಡಾ ಮಾರುವವನೊಬ್ಬ ನಮ್ಮ ಕನ್ನಡ ಕೇಳಿ ಮಾತಿಗಿಳಿದ. ವಿಜಯಪುರ ಜಿಲ್ಲೆಯವನು. ದುಡಿಮೆ ಹುಡುಕಿ ಗೋವಾಕ್ಕೆ ಬಂದ ನಮ್ಮ ಸಾವಿರಾರು ಜನರಲ್ಲಿ ಒಬ್ಬ. ಈ ಜಾಗಕ್ಕೆ ಹೆಸರು ಕೊಟ್ಟವರು ನಿಮ್ಮೂರ ಬಾದಶಹರಂತೆ ಎಂದೆವು.

"ಹೌದೇನ್ರೀ? ಗೋಲಗುಂಬಜ ಕಟ್ಟಿದ ಮನೆತನದವ್ರ?" ಎಂದು ಅವನು ತಲೆಯೆತ್ತಿ ಗುಡ್ಡ ನೋಡಿದ. "ಹತ್ತು ವರ್ಸಾತ್ರೀ ಇಲ್ಲಿ. ಒಮ್ಮಿನೂ ಮ್ಯಾಲ ಹೋಗಿಲ್ಲ. ಸಿನೆಮಾದ್ದು ಅಂತ ತಿಳ್ಕೊಂಡಿದ್ದೆ."

ಅವನದು ತಪ್ಪಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರು ಓದುಬರಹ ಬಲ್ಲ ನಾವು. ನಾವು ಮೇಲೆ ಹತ್ತಿ ಫೋಟೋ ತೆಗೆದುಕೊಂಡು ಬರುತ್ತಿದ್ದೇವೆ.