ಲೈಸೆನ್ಸಿಲ್ಲದ ಕ್ಯಾಪ್ಟನ್

'ಸ್ಟಾರ್ ವಾರ್ಸ್' ತೆರೆಕಂಡ ಎರಡು ವರ್ಷಕ್ಕೆ, 1979ರಲ್ಲಿ, ಬ್ರಯಾನ್ ಡೇಲಿಯ 'ಹಾನ್ ಸೋಲೋ ಅಟ್ ಸ್ಟಾರ್ಸ್ ಎಂಡ್' ಬಂತು. ಸಿನಿಮಾ ಗೆದ್ದಾಗ ಅದರ ಬೆನ್ನಿಗೇ ಬರುವ ಪುಸ್ತಕಗಳು ಹೆಚ್ಚಾಗಿ ಓದಿ ಮರೆಯುವಂಥವು. ಇದು ಹಾಗಾಗದಿರಲು ಕಾರಣ, ಡೇಲಿ ತನ್ನ ನಾಯಕನಿಗೆ ಆದರ್ಶಕ್ಕಿಂತ ಮೊದಲು ಗಂಟುಬಿದ್ದಿರುವ ಖರ್ಚುಗಳನ್ನು ಕೊಟ್ಟಿದ್ದಾನೆ.

ಹಾನ್ ಕಳ್ಳಸಾಗಣೆದಾರ. ಅವನು ಓಡಾಡುವ ಸೀಮೆಯನ್ನು ಆಳುವುದು ಒಂದು ಕಂಪನಿ. ಅದರ ಕಾನೂನಿನ ಮಿತಿಗಳನ್ನೆಲ್ಲ ಮೀರಿದ ಹಡಗು ಅವನ ಮಿಲೇನಿಯಂ ಫಾಲ್ಕನ್. ರಿಪೇರಿಯೂ ಆಗಬೇಕು, ಖೋಟಾ ಪರವಾನಗಿಯೂ ಬೇಕು. ಅದಕ್ಕೆ ಪ್ರತಿಯಾಗಿ, ಕಾಣೆಯಾದ ತಮ್ಮವರನ್ನು ಹುಡುಕುತ್ತಿರುವ ಒಂದು ಗುಂಪನ್ನು ಕರೆತರಲು ಒಪ್ಪುತ್ತಾನೆ. ಬರೀ ವ್ಯವಹಾರ. ಗೆಳೆಯ ಚ್ಯೂಬ್ಯಾಕ ಕಂಪನಿಯವರ ಕೈಗೆ ಸಿಕ್ಕಿಬಿದ್ದ ಮೇಲೆ ಮಾತ್ರ ಲೆಕ್ಕಾಚಾರ ತಲೆಕೆಳಗಾಗುತ್ತದೆ.

ಆದರೆ ಪುಸ್ತಕವನ್ನು ನಿಜಕ್ಕೂ ಕದಿಯುವುದು ಬೊಲಕ್ಸ್ ಎಂಬ ಹಳೇ ಕೂಲಿ ರೋಬೋ. ಎಳೆದೆಳೆದು ಮಾತಾಡುವ ಅದರ ಎದೆಗೂಡಿನೊಳಗೆ ಬ್ಲೂ ಮ್ಯಾಕ್ಸ್ ಎಂಬ ಪುಟ್ಟ ಕಂಪ್ಯೂಟರು, ಪಟಪಟ ಮಾತಿನ ಪೋರ. ಚ್ಯೂಬ್ಯಾಕನನ್ನು ಬಿಡಿಸಲು ಹಾನ್ ತಂಡ ಮನರಂಜನೆಯವರ ವೇಷದಲ್ಲಿ ಕಂಪನಿಯ ಸ್ಟಾರ್ಸ್ ಎಂಡ್ ಜೈಲಿಗೆ ನುಗ್ಗಿದಾಗ, ಅಲ್ಲಿನ ಅಧಿಕಾರಿ ಹಿರ್ಕನ್‌ಗೆ ಬೇಕಾದದ್ದು ಆಟಪಾಟವಲ್ಲ, ಕಾದಾಟ. ಕೊಲ್ಲಲೆಂದೇ ತಯಾರಾದ ಯಂತ್ರದೆದುರು ಪಾಪದ ಬೊಲಕ್ಸ್ ನಿಲ್ಲಬೇಕು. ನಗು, ದಿಗಿಲು ಎರಡನ್ನೂ ಡೇಲಿ ಒಂದೇ ಹದದಲ್ಲಿ ಹಿಡಿದಿರುವುದು ಇಲ್ಲಿ.

ಇನ್ನೊಂದು ಪ್ರಸಂಗದಲ್ಲಿ ಆ ಹದ ತಪ್ಪುತ್ತದೆ. ಜೊತೆಯಲ್ಲೇ ಇದ್ದು ದ್ರೋಹ ಬಗೆದ ಟಾರ್ಮ್‌ನನ್ನು ಹಾನ್ ಹಡಗಿನಿಂದ ಬಾಹ್ಯಾಕಾಶಕ್ಕೆ ದೂಡಿಬಿಡುತ್ತಾನೆ. ಆ ಕೊಲೆ ನನಗೆ ಒಪ್ಪಿಗೆಯೇ. ಈ ಪೋಕರಿ ಬರೀ ತುಂಟನಲ್ಲ, ಅಪಾಯದ ಮನುಷ್ಯ ಎಂಬುದು ಓದುಗನಿಗೆ ನಾಟಬೇಕು. (1997ರ ಪರಿಷ್ಕೃತ ಸಿನಿಮಾದಲ್ಲಿ ಜಾರ್ಜ್ ಲೂಕಸ್ ಮೊದಲ ಗುಂಡನ್ನು ಎದುರಾಳಿ ಗ್ರೀಡೋನಿಂದ ಹಾರಿಸಿ ಹಾನ್‌ನನ್ನು ಸಾಚಾ ಮಾಡಹೊರಟದ್ದು ನೆನಪಿರಬಹುದು.) ತಕರಾರು ಇರುವುದು ಆಮೇಲಿನದರ ಬಗ್ಗೆ. ಕಥೆ ಆ ಸಾವಿನ ಭಾರವನ್ನು ಬೇಗನೆ ಇಳಿಸಿಕೊಂಡು ಮುಂದಿನ ಸಾಹಸಕ್ಕೆ ಓಡುತ್ತದೆ.

ಹಿರ್ಕನ್ ಕೂಡ ಸಪ್ಪೆ ಖಳ. ಅದಕ್ಕಿಂತ ಬೇಸರ ತರಿಸುವುದು ಜೆಸ್ಸಾಳ ಪಾಡು. ರಿಪೇರಿಯ ಚೌಕಾಸಿಯಲ್ಲಿ ಹಾನ್‌ಗೆ ಸರಿಸಮ ನಿಂತ ಆ ಮೆಕ್ಯಾನಿಕ್ ಹೆಣ್ಣನ್ನು, ಅವಳ ಅಪ್ಪನೇ ಸೆರೆಯಲ್ಲಿದ್ದರೂ, ಡೇಲಿ ಜೈಲಿನತ್ತ ಕರೆದೊಯ್ಯುವುದೇ ಇಲ್ಲ.