ರಟ್ಟಮತಕ್ಕೊಬ್ಬ ಟೀಕಾಕಾರ ಬೇಕು

ಜೂನ್ ಮೊದಲ ವಾರ ಮುಗಿಯುತ್ತಲೇ ಸೇಡಂ, ಚಿಂಚೋಳಿ ಸೀಮೆಯ ಎರಿ ಹೊಲಗಳಲ್ಲಿ ‘ಮಿರಗ ಕೂಡ್ತು’ ಎಂಬ ಮಾತು ಕೇಳುತ್ತದೆ. ಹೆಸರು, ತೊಗರಿ ಬಿತ್ತನೆಯ ಲೆಕ್ಕಾಚಾರ ಅಲ್ಲಿಂದ ಶುರು. ಮಿರಗ, ಆರಿದ್ರ, ಉತ್ತರಿ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬದುಕುವ ಈ ನಾಡಿಗೆ, ಆಕಾಶದ ಕುರುಹುಗಳನ್ನು ಕಲಿಸುವ ಕಾವ್ಯವೂ ಉಂಟು. ಸುಮಾರು 1300ರಲ್ಲಿ ಜೈನ ಕವಿ ರಟ್ಟಕವಿ ಬರೆದ ‘ರಟ್ಟಮತ’ದ ವಸ್ತುವೇ ಮಳೆ, ಮಿಂಚು, ಭೂಕಂಪ, ಗ್ರಹಗತಿ, ಶಕುನ. ಅದು ತೆಲುಗಿಗೂ ಹೋಯಿತು. ಅದಕ್ಕೂ ಮೊದಲು, 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಚಾವುಂಡರಾಯ ‘ಲೋಕೋಪಕಾರ’ ಬರೆದ. ಪಂಚಾಂಗದಿಂದ ಅಂತರ್ಜಲದವರೆಗೆ, ಗಿಡಗಳ ಆರೈಕೆಯಿಂದ ಅಡುಗೆಯವರೆಗೆ ಅದರ ಹರಹು.

ಸಂಸ್ಕೃತ ಬಾರದವನಿಗೂ ಶಾಸ್ತ್ರ ತಲುಪಲಿ, ಬಾಯಿಪಾಠಕ್ಕೆ ಒದಗಲಿ ಎಂದು ಅದನ್ನು ಕನ್ನಡ ಪದ್ಯಕ್ಕೆ ತಂದದ್ದು ಇವರ ದೊಡ್ಡತನ. ಇದನ್ನು ನಾನು ಸಣ್ಣ ಸಾಧನೆ ಎನ್ನಲಾರೆ. ಆದರೆ ಮೋಡ ನೋಡಿ ಕಲಿತದ್ದು, ಶಕುನವೆಂದು ನಂಬಿದ್ದು ಎರಡೂ ರಟ್ಟಮತದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ. ಯಾವುದನ್ನು ಎಷ್ಟು ನಂಬಬೇಕೆಂದು ತೂಗಿ ನೋಡುವ ಹೊಣೆ ಓದುಗನ ಮೇಲೇ ಬೀಳುತ್ತದೆ.

ಗ್ರೀಕರ ಅರಾಟಸ್‌ನಲ್ಲೂ ಇಂಥದೇ ತೊಡಕಿತ್ತು. ಕ್ರಿ.ಪೂ. ಮೂರನೆಯ ಶತಮಾನದ ಅವನ ‘ಫೈನೊಮೆನ’ ಯೂಡಾಕ್ಸಸ್‌ನ ಖಗೋಳವನ್ನು ಪದ್ಯವಾಗಿಸಿತು. ಅದರ ಕೊನೆಯ ಭಾಗ ಹವಾಮಾನದ ಕುರುಹುಗಳಿಗೇ ಮೀಸಲು. ಅವನ ಭಾಗ್ಯವೆಂದರೆ ಮುಂದಿನ ಶತಮಾನದಲ್ಲಿ ಖಗೋಳಜ್ಞ ಹಿಪ್ಪಾರ್ಕಸ್‌ನಂಥ ಓದುಗ ಸಿಕ್ಕ. ನಕ್ಷತ್ರಗಳ ಉದಯಾಸ್ತದಲ್ಲಿ ಕವಿ ಎಲ್ಲಿ ತಪ್ಪಿದ್ದಾನೆಂದು ಅವನು ಟೀಕೆಯನ್ನೇ ಬರೆದ. ಹಿಪ್ಪಾರ್ಕಸ್‌ನ ಬರಹಗಳಲ್ಲಿ ಇಂದು ಇಡಿಯಾಗಿ ಉಳಿದಿರುವುದು ಅದೊಂದೇ.

ವಿಷುವಗಳು ನಿಧಾನವಾಗಿ ಸರಿಯುತ್ತವೆ ಎಂದು ಕಂಡವನೂ ಅವನೇ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆಂದು ನೋಡಿ ಎಣಿಸುವ ನಮ್ಮ ಮಳೆ ನಕ್ಷತ್ರಗಳಿಗೆ ಈ ಸಂಗತಿ ನೇರವಾಗಿ ತಾಗುತ್ತದೆ. ನಕ್ಷತ್ರವರ್ಷ ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಒಂದು ಪೂರ್ತಿ ಮಳೆ ನಕ್ಷತ್ರ. ಈಗ ಜೂನ್ 22ರ ಆಸುಪಾಸಿಗೆ ಕೂಡುವ ಆರಿದ್ರ, ರಟ್ಟಕವಿಯ ಕಾಲದಲ್ಲಿ ಋತುವಿನ ಲೆಕ್ಕಕ್ಕೆ ಸುಮಾರು ಹತ್ತು ದಿನ ಮೊದಲೇ ಕೂಡುತ್ತಿತ್ತು. ಹಳೆಯ ಪದ್ಯವನ್ನು ಹಾಗೆಯೇ ಇಂದಿನ ಹೊಲಕ್ಕೆ ಒಯ್ದರೆ ಹದ ತಪ್ಪುತ್ತದೆ.

ಇಂಥ ಪರಿಶೀಲನೆಗೆ ಬೇಕಾದ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಪುಸ್ತಕ ಕಾಯಲೆಂದೇ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಕಾಗಿಣಾ ದಂಡೆಯ ಮಳಖೇಡದಲ್ಲೇ ಕನ್ನಡದ ಕಾವ್ಯಶಾಸ್ತ್ರ ಹುಟ್ಟಿತು. ಕಲಬುರಗಿ ಭಾಗದ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕೃಷಿ ವಿಜ್ಞಾನಿಗಳನ್ನೂ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯ ಒಕ್ಕಲಿಗರನ್ನೂ ಜೊತೆಗೆ ಕೂರಿಸಿಕೊಂಡು, ರಟ್ಟಮತದ ಒಂದೊಂದು ಪದ್ಯವನ್ನೂ ಮಳೆಯ ದಾಖಲೆಯೊಂದಿಗೆ ಒರೆಗೆ ಹಚ್ಚಿ ಹೊಸ ಟೀಕೆ ಸಿದ್ಧಪಡಿಸಲಿ.